ಮನೆಗೊಬ್ಬ ಜಪಾನಿ ಬಲ್ಲವ

ಅರವತ್ತರ ಹೊಸ್ತಿಲು ದಾಟಿ ನಾನು ಎರಡನೆಯ ಸಲ ಅಕ್ಷರ ತಿದ್ದಲು ಕುಳಿತೆ. ಮೊದಲ ಸಲ ಕೈ ಹಿಡಿದು ತಿದ್ದಿಸಿದವಳು ಅವ್ವ, ಎರಡನೆಯ ಸಲ ಅಣ್ಣನ ಮಗಳು. ಮೊದಲ ಸಲ ಬಹಳ ಅತ್ತಿದ್ದೆನಂತೆ. ಎರಡನೆಯ ಸಲ ಅಳಲಿಲ್ಲ, ವಯಸ್ಸು ಅಡ್ಡ ಬಂತು.

ತಿದ್ದಿದ್ದು ಜಪಾನಿ ಅಕ್ಷರ. ಗೋಕಾಕದಲ್ಲಿ ಕುಳಿತು ಜಪಾನಿ ಕಲಿಯುವುದಕ್ಕೆ ಒಂದು ಕಾರಣ ಬೇಕು, ಓಣಿಯವರು ಕೇಳುತ್ತಾರೆ. ನನ್ನದು ಜ್ಞಾನದಾಹವಲ್ಲ, ಅಣ್ಣನ ಅಪ್ಪಣೆ.

ಅಣ್ಣ ಬಾಳಪ್ಪ ಮೂಡಲಗಿಯಲ್ಲಿ ಕಬ್ಬು ಬೆಳೆಯುತ್ತಾನೆ. ಅವನ ಮಗಳು ಮಹಾದೇವಿ ಗೋಕಾಕದ ಒಂದು ದವಾಖಾನೆಯಲ್ಲಿ ನರ್ಸು. ನಮ್ಮ ಮನೆಯಲ್ಲೇ ಇದ್ದು ಕೆಲಸಕ್ಕೆ ಹೋಗುತ್ತಿದ್ದಳು. ಜಪಾನಿನಲ್ಲಿ ವಯಸ್ಸಾದವರನ್ನು ನೋಡಿಕೊಳ್ಳಲು ಜನ ಬೇಕಾಗಿದ್ದಾರೆ, ಭಾಷೆಯ ಪರೀಕ್ಷೆ ಪಾಸಾದರೆ ಕರೆಸಿಕೊಳ್ಳುತ್ತಾರೆ, ಪುಣೆಯ ಒಬ್ಬ ಶಿಕ್ಷಕಿ ಫೋನಿನಲ್ಲೇ ಪಾಠ ಹೇಳುತ್ತಾರೆ ಎಂದು ಒಂದು ದಿನ ಆಕೆ ತಿಳಿಸಿದಳು. ಅದೇ ವಾರ ಆಕೆಗೆ ಅಂಕಲಗಿಯಿಂದ ಒಂದು ಸಂಬಂಧ ಬಂದಿತ್ತು. ಒಳ್ಳೆಯ ಮನೆತನ, ನೀರಾವರಿ ಹೊಲ. ಷರತ್ತು ಒಂದೇ, ಮದುವೆಯಾದ ಮೇಲೆ ಕೆಲಸ ಬಿಡಬೇಕು. ಅಣ್ಣ ಎರಡಕ್ಕೂ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಬಸ್ ಹತ್ತಿ ನಮ್ಮ ಮನೆಗೆ ಬಂದ, ಚಹಾ ಕುಡಿದ, ನನ್ನ ಕಡೆ ತಿರುಗಿದ.

“ಆಕೀಗೆ ಏನ್ ಕಲಸಾಕತ್ತಾರಂತ ನಮ್ಮ ಮನ್ಯಾಗ ಒಬ್ಬರಿಗರ ತಿಳೀಬೇಕಲ್ಲೋ. ನೀ ಸಾಲಿ ಮಾಸ್ತರ. ರಿಟೈರ್ ಆಗಿ ಖಾಲಿ ಕುಂತಿ. ನೀನೂ ಕಲಿ.”

“ನಾ ಹಿಂದಿ ಮಾಸ್ತರ, ಅಣ್ಣಾ.”

“ಹಿಂದಿ ಬಂದಾವಗ ಜಪಾನಿ ಏನ್ ದೊಡ್ಡದು?”

ಹುಕ್ಕೇರಿಯ ಹೈಸ್ಕೂಲಿನಲ್ಲಿ ನಾನು ಬಹುಕಾಲ ಹಿಂದಿ ಕಲಿಸಿದವ. ಅಲ್ಲಿಯ ಸಂತೆಯಲ್ಲಿ ಈಗಲೂ ಹಳೆಯ ವಿದ್ಯಾರ್ಥಿಗಳು ಸಿಗುತ್ತಾರೆ, ಕೈ ಮುಗಿಯುತ್ತಾರೆ, ತೂಕದ ಮೇಲೆ ಎರಡು ಬದನೆಕಾಯಿ ಹೆಚ್ಚು ಹಾಕುತ್ತಾರೆ. ಹಿಂದಿಯಲ್ಲಿ ಮಾತ್ರ ಮಾತಾಡುವುದಿಲ್ಲ. ಭಾಷೆ ಕಲಿಸುವುದರಲ್ಲಿ ನನ್ನ ಸಾಧನೆ ಇಷ್ಟು. ಕಲಿಯುವುದರಲ್ಲಿ ಹೇಗೋ ನೋಡೋಣ ಎಂದು ಕುಳಿತೆ.

ಮೊದಲ ಪಾಠದಲ್ಲಿ ನಾನು ಫೋನಿನ ಕಣ್ಣಿಗೆ ಬೀಳದಂತೆ ಬದಿಗೆ ಸರಿದು ಕುಳಿತಿದ್ದೆ. ಪರದೆಯ ಮೂಲೆಯಲ್ಲಿ ಅರ್ಧ ಬೋಳು ತಲೆ ಕಂಡು ಶಿಕ್ಷಕಿ ಬೆದರಿದರು. ಮಹಾದೇವಿ ವಿಷಯ ತಿಳಿಸಿದಳು. ಅವರು ನಕ್ಕು ನನ್ನನ್ನೂ ಹಾಜರಿಗೆ ಸೇರಿಸಿಕೊಂಡು ಹೆಸರು ಕೇಳಿದರು. ಮಲ್ಲಪ್ಪ ಎಂದೆ. ಆಗ ಗೊತ್ತಾದ ಸಂಗತಿ, ಜಪಾನಿಯಲ್ಲಿ ಲ ಇಲ್ಲ, ಳ ಇಲ್ಲ, ಎರಡರ ಪಾಳಿಯನ್ನೂ ರ ಒಬ್ಬನೇ ಮಾಡುತ್ತಾನೆ. ಆ ಗಳಿಗೆಯಿಂದ ನಾನು ಮರಪ್ಪ. ಹೊಸ ಹೆಸರು ನನ್ನ ನೆನಪಿನ ಶಕ್ತಿಗೆ ಹೆಚ್ಚು ಹೊಂದುತ್ತದೆ ಎಂದು ಹೆಂಡತಿ ಅಡುಗೆಮನೆಯಿಂದ ಅನುಮೋದಿಸಿದಳು. ಮಹಾದೇವಿ ಮಹಾದೇಬಿಯಾದಳು. ಅಣ್ಣ ಬಾಳಪ್ಪ, ಊರಲ್ಲಿ ಹತ್ತು ಜನ ಎದ್ದು ಜಾಗ ಬಿಡುವ ಮನುಷ್ಯ, ಬಾರಪ್ಪನಾದ. ಇದನ್ನು ನಾವು ಅವನಿಗೆ ಹೇಳಲಿಲ್ಲ.

ಇನ್ನು ಲಿಪಿಯ ವಿಚಾರ. ಒಂದು ಭಾಷೆಗೆ ಒಂದು ಲಿಪಿ ಸಾಕು ಎಂಬುದು ನಮ್ಮ ನಂಬಿಕೆ, ಜಪಾನೀಯರು ಮೂರು ಇಟ್ಟುಕೊಂಡಿದ್ದಾರೆ. ಮೊದಲನೆಯದು ಹಿರಾಗಾನ. ದುಂಡು ದುಂಡಾಗಿದೆ, ಕನ್ನಡದವನಿಗೆ ನೋಡಿದ ಕೂಡಲೇ ನೆಂಟಸ್ತನ ಅನ್ನಿಸುತ್ತದೆ. ಹತ್ತಿರ ಹೋದರೆ ಗುರುತು ಹತ್ತುವುದಿಲ್ಲ. ನಮ್ಮಲ್ಲಿ ಕ, ಕಿ, ಕು ಎಲ್ಲ ಒಂದೇ ಮನೆಯ ಮಕ್ಕಳು, ಮುಖ ನೋಡಿದರೆ ಅಪ್ಪ ಯಾರೆಂದು ತಿಳಿಯುತ್ತದೆ. ಅಲ್ಲಿ ಒಬ್ಬೊಬ್ಬರೂ ಬೇರೆ ಮನೆ ಮಾಡಿಕೊಂಡಿದ್ದಾರೆ. ಕಾಗುಣಿತವೇ ಇಲ್ಲ. ಆದರೆ ಅವರ ಅಕ್ಷರಗಳ ಸಾಲನ್ನು ಕೇಳಿ ನಾನು ಎದ್ದು ಕುಳಿತೆ: ಕ, ಸ, ತ, ನ, ಹ, ಮ, ಯ, ರ, ವ. ನಮ್ಮದೇ ಸಾಲು! ಹಿಂದಿನ ಕಾಲದಲ್ಲಿ ಬೌದ್ಧ ಭಿಕ್ಷುಗಳ ಜೊತೆ ನಮ್ಮ ಕಡೆಯಿಂದಲೇ ಹೋದದ್ದಂತೆ. ಪ ಇರಬೇಕಾದ ಕುರ್ಚಿಯಲ್ಲಿ ಹ ಯಾಕೆ ಕುಳಿತಿದೆ ಎಂದು ಕೇಳಿದೆ. ಹಳೆಯ ಜಪಾನಿಯಲ್ಲಿ ಅದು ಪ ಆಗಿತ್ತು, ಕಾಲಾಂತರದಲ್ಲಿ ಹ ಆಯಿತು ಎಂದರು ಶಿಕ್ಷಕಿ. ನಮ್ಮಲ್ಲಿ ಪಾಲು ಹಾಲಾಯಿತು, ಪುಲಿ ಹುಲಿಯಾಯಿತು. ಅಷ್ಟು ದೂರದ ದ್ವೀಪದಲ್ಲೂ ಪಕಾರಕ್ಕೆ ಅದೇ ಗತಿ ಬಂದದ್ದು ಕೇಳಿ ನನಗೆ ಒಂಥರಾ ಸಮಾಧಾನವಾಯಿತು. ಯಾಕೆ ಎಂದು ಈಗಲೂ ಹೇಳಲಾರೆ.

ಎರಡನೆಯದು ಕತಾಕಾನ. ಇದು ಹೊರಗಿನಿಂದ ಬಂದ ಪದಗಳಿಗೆ ಮೀಸಲು. ಓದುವವನಿಗೆ ‘ಈ ಪದ ನಮ್ಮ ಮನೆಯದಲ್ಲ, ಬೀಗರ ಕಡೆಯದು’ ಎಂದು ದೂರದಿಂದಲೇ ತಿಳಿಯಬೇಕು. ಈ ಪದ್ಧತಿಯನ್ನು ಬೆಳಗಾವಿ ಸೀಮೆಗೆ ತಂದರೆ ಏನಾದೀತು ಎಂದು ಯೋಚಿಸಿದೆ. ‘ಖರೆ ಹೇಳ್ತೇನಿ ಕಾಕಾ, ದವಾಖಾನಿ ಬಾಜೂಕ ಇರೋ ದುಕಾನದಾಗ ಪಗಾರ ಬರೋಬ್ಬರಿ ಕೊಡೂದಿಲ್ಲ’ ಎಂಬ ಮಾತನ್ನು ಹಾಗೆ ಬರೆದರೆ, ಮರಾಠಿ ಉರ್ದು ಪದಗಳೆಲ್ಲ ಆಚೆ ಹೋಗಿ ಕನ್ನಡದ ಪಾಲಿಗೆ ಕ್ರಿಯಾಪದ ಮತ್ತು ಬೇಸರ ಎರಡೇ ಉಳಿಯುತ್ತವೆ. ನಮ್ಮ ಹಿರಿಯರು ಒಂದೇ ಲಿಪಿಯಲ್ಲಿ ಎಲ್ಲರನ್ನೂ ಒಂದೇ ಪಂಕ್ತಿಗೆ ಕೂರಿಸಿದರು. ಬಸವಣ್ಣನ ನಾಡು, ಬೇರೆ ಪಂಕ್ತಿ ಹಾಕಲು ಮನಸ್ಸು ಬಂದಿರಲಿಕ್ಕಿಲ್ಲ.

ಮೂರನೆಯದು ಕಾಂಜಿ. ಚೀನಾದಿಂದ ಬಂದ ಚಿತ್ರಗಳಂಥ ಅಕ್ಷರಗಳು, ಸಾವಿರಗಟ್ಟಲೆ. ಒಂದೊಂದಕ್ಕೂ ಎರಡು ಮೂರು ಉಚ್ಚಾರ. ಎಲ್ಲಿ ಯಾವುದು ಎಂದರೆ ರೂಢಿಯಿಂದ ತಿಳಿಯಬೇಕು. ಇದು ನನಗೆ ಕಷ್ಟವೆನಿಸಲಿಲ್ಲ. ನಮ್ಮಣ್ಣನೂ ಮನೆಯಲ್ಲಿ ಬಾಳ್ಯಾ, ಸೊಸೈಟಿಯಲ್ಲಿ ಬಾಳಪ್ಪನವರು, ಆಧಾರ್ ಕಾರ್ಡಿನಲ್ಲಿ ಅಚ್ಚಿನ ತಪ್ಪಿನಿಂದ ಬಾಲಪ್ಪ. ಮನುಷ್ಯ ಒಬ್ಬನೇ.

ವಾರಕ್ಕೊಮ್ಮೆ ಅಣ್ಣ ವರದಿ ಕೇಳಲು ಬರುತ್ತಿದ್ದ. ಒಂದು ದಿನ ನಾನು ಅವನ ಮುಂದೆ ಕಾಂಜಿ ಬಿಡಿಸಿದೆ. ಮರದ ಪಕ್ಕದಲ್ಲಿ ಮನುಷ್ಯ ನಿಂತರೆ ‘ವಿಶ್ರಾಂತಿ’ ಎಂದೆ. ಅಣ್ಣ ತಲೆದೂಗಿದ. “ಹೊಲದಾಗ ದುಡದವರು ಮಾಡಿದ ಅಕ್ಷರ ಇದು” ಎಂದ. ಹುರುಪಿನಲ್ಲಿ ಇನ್ನೊಂದು ಬರೆದೆ. ಮೇಲೆ ಮನೆಯ ಸೂರು, ಸೂರಿನ ಕೆಳಗೆ ಹೆಣ್ಣು. ಅರ್ಥ, ನೆಮ್ಮದಿ.

ಅಣ್ಣ ಚಹಾದ ಬಟ್ಟಲು ಕೆಳಗಿಟ್ಟ. ಅಕ್ಷರವನ್ನೇ ಸ್ವಲ್ಪ ಹೊತ್ತು ನೋಡಿ ಮಗಳನ್ನು ಕರೆದ.

“ಮಾದೇವಿ, ಇಲ್ಲಿ ಬಾ. ನಿನ್ನ ಜಪಾನದವರ ಅಕ್ಷರನ ಹೇಳಾಕತ್ತೈತಿ ನೋಡು. ಹೆಣ್ಮಗಳು ಮನ್ಯಾಗಿದ್ರ ನೆಮ್ಮದಿ. ಅಂಕಲಗಿಯವರೂ ಇದನ್ನ ಅಂದಾರ.”

ಪತ್ತೇದಾರನಾಗಿ ನೇಮಕವಾದವನು ಶತ್ರುವಿನ ಕೈಗೆ ಮದ್ದುಗುಂಡು ಕೊಟ್ಟಂತಾಗಿತ್ತು. ಇಲ್ಲಿ ಶತ್ರು ಯಾರು ಎಂಬುದೂ ನನಗೆ ಸ್ಪಷ್ಟವಿರಲಿಲ್ಲ.

ಡ್ಯೂಟಿಗೆ ಹೊರಟಿದ್ದ ಮಹಾದೇವಿ ಚಪ್ಪಲಿ ಮೆಟ್ಟುತ್ತಲೇ ಬಗ್ಗಿ ನೋಡಿದಳು.

“ಹೌದಪ್ಪಾ. ಅದಕ್ಕ ಇನ್ನೊಂದು ಅರ್ಥಾನೂ ಐತಿ. ಕಾಕಾ ಹೇಳಲಿಲ್ಲೇನು?”

“ಏನದು?”

“ಅಗ್ಗ. ಸಂತ್ಯಾಗ ರೇಟು ಇಳದ್ರ ಇದನ್ನ ಬರೀತಾರ.”

ಆಕೆ ಹೋದಳು. ಅಣ್ಣ ನನ್ನನ್ನು ನೋಡಿದ. ನಾನು ಪುಸ್ತಕ ನೋಡಿದೆ. ಆಕೆ ಹೇಳಿದ್ದು ನಿಜವಾಗಿತ್ತು. ಆ ಪಾಠ ನಾನು ಇನ್ನೂ ತಲುಪಿರಲಿಲ್ಲ. ಆ ದಿನ ಅಣ್ಣ ಊಟಕ್ಕೆ ನಿಲ್ಲದೆ ಮೂಡಲಗಿ ಬಸ್ಸು ಹತ್ತಿದ.

ಮಹಾದೇವಿ ಪರೀಕ್ಷೆ ಪಾಸಾದಳು. ನಾನು ಮನೆಯಲ್ಲೇ ಕುಳಿತು ಮಾದರಿ ಪ್ರಶ್ನೆಪತ್ರಿಕೆ ಬಿಡಿಸಿದೆ. ಫಲಿತಾಂಶವನ್ನು ಹೆಂಡತಿಗೆ ಕೂಡ ಹೇಳಿಲ್ಲ. ಇನ್ನು ಉಳಿದದ್ದು ಸಂದರ್ಶನ. ಅದೂ ಫೋನಿನಲ್ಲೇ, ನಮ್ಮ ಪಡಸಾಲೆಯಲ್ಲೇ. ಇಷ್ಟು ದಿನ ಕಾಯಿಸಿದ್ದ ಅಂಕಲಗಿಯವರಿಗೆ ಆ ವಾರವೇ ಉತ್ತರ ಕೊಡಬೇಕಿತ್ತು, ಹಾಗಾಗಿ ಅಣ್ಣನೂ ಬಂದು ಬಾಗಿಲ ಬಳಿ, ಪರದೆಗೆ ಕಾಣದಂತೆ, ಕುಳಿತ. ನಾನು ಅವನ ಮಗ್ಗುಲಲ್ಲಿ ದುಭಾಷಿ.

ಅತ್ತ ಒಬ್ಬ ಹಿರಿಯರು, ಒಬ್ಬ ಹೆಣ್ಣುಮಗಳು. ಯಾವ ಊರು ಎಂದು ಕೇಳಿದರು. “ಗೋಕಾಕು ಕರಾ ಕಿಮಾಶಿತ” ಎಂದಳು ಮಹಾದೇವಿ. ಗೋಕಾಕದಿಂದ ಬಂದಿದ್ದೇನೆ ಎಂದರ್ಥ. ಅತ್ತ ಇಬ್ಬರೂ ಮುಖ ಮುಖ ನೋಡಿಕೊಂಡರು. ಆಮೇಲೆ ಹಿರಿಯರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಅಣ್ಣನ ಮೀಸೆ ನೆಟ್ಟಗಾಯಿತು. “ಯಾಕ ನಗಾಕತ್ತಾರ? ನಮ್ಮೂರಿನ ಹೆಸರಿಗೆ ಏನಾಗೈತಿ?”

ಅದೃಷ್ಟಕ್ಕೆ ಆ ಪದ ನನಗೆ ಗೊತ್ತಿತ್ತು. ದೀರ್ಘ ಸ್ವಲ್ಪ ಕಡಿಮೆ ಮಾಡಿ ‘ಗೋಕಕು’ ಎಂದರೆ ಜಪಾನಿಯಲ್ಲಿ ಪರೀಕ್ಷೆ ಪಾಸಾಗುವುದು. ಅಲ್ಲಿಯ ಮಕ್ಕಳು ಪರೀಕ್ಷೆಗೆ ಮೊದಲು ಗುಡಿಗೆ ಹೋಗಿ ಬೇಡಿಕೊಳ್ಳುವ ಪದವೇ ಅದು. ‘ನಾನು ಪಾಸಿನಿಂದ ಬಂದವಳು’ ಎಂದು ಈಕೆ ಹೇಳಿದಂತಾಗಿದೆ ಎಂದು ಪಿಸುಗುಟ್ಟಿದೆ.

ಅಣ್ಣ ಯೋಚಿಸಿದ. “ಆದ್ರ ನಮ್ಮದು ಮೂಡಲಗಿ ಅಲ್ಲಾ?”

“ಮೊದಲ ಗೋಕಾಕ ತಾಲೂಕಿನಾಗ ಇತ್ತಲ್ಲ, ನಡೀತೈತಿ” ಎಂದೆ. ಮೂಡಲಗಿಯ ಮೊದಲಿಗೇ ಜಪಾನಿ ಕಿವಿಗೆ ಕೇಳಿಸುವ ‘ಮುದ’ ಎಂಬುದಕ್ಕೆ ಆ ಭಾಷೆಯಲ್ಲಿ ವ್ಯರ್ಥ ಎಂಬ ಅರ್ಥವಿದೆ ಎಂದು ಹೇಳುವ ಧೈರ್ಯ ನನಗೆ ಈ ತನಕ ಬಂದಿಲ್ಲ.

ಹಿರಿಯರು ಕಣ್ಣೊರೆಸಿಕೊಂಡು, ವಯಸ್ಸಾದವರ ಸೇವೆ ಯಾಕೆ ಮಾಡಬೇಕೆನ್ನಿಸಿತು ಎಂದು ಕೇಳಿದರು. ಇದಕ್ಕೆ ಶಿಕ್ಷಕಿ ಒಂದು ಚೆಂದದ ಉತ್ತರ ಬಾಯಿಪಾಠ ಮಾಡಿಸಿದ್ದರು. ಮಹಾದೇವಿ ಅದನ್ನು ಬಿಟ್ಟು ಬೇರೇನೋ ಹೇಳತೊಡಗಿದಳು. ಸಣ್ಣ ಸಣ್ಣ ವಾಕ್ಯ, ಮೊದಲ ಪಾಠಗಳ ಪದಗಳು, ನನಗೂ ತಿಳಿಯುವಂಥವು. ಅಣ್ಣ ನನ್ನ ಮೊಣಕೈ ತಿವಿದ. “ಏನ್ ಅನ್ನಾಕತ್ತಾಳ?”

ಆಕೆ ಅಂದದ್ದನ್ನು ನಾನು ಅಂದ ಹಾಗೇ ಹೇಳಿದೆ. “ಅಜ್ಜೀನ್ನ ನಾನ ನೋಡ್ಕೊಂಡೆ ಅಂತಾಳ. ಕಡೀಕ ಅಜ್ಜಿಗೆ ನನ್ನ ಹೆಸರು ಮರತಿತ್ತು. ನನ್ನನ್ನ ತನ್ನ ಹಡದವ್ವ ಅಂತ ತಿಳ್ಕೊಂಡಿದ್ಲು. ಜಳಕಾ ಮಾಡಸೂವಾಗ, ಅವ್ವಾ ನೀರು ಸುಡತಾವ ಅಂತಿದ್ಲು. ನಾ ಹೂಂ ಅಂದು ತಣ್ಣೀರು ಬೆರಸ್ತಿದ್ದೆ. ಮೈ ಒರಸಿದ ಮ್ಯಾಲೆ ಅಜ್ಜಿ ನಗತಿದ್ಲು. ಅದು ನನಗ ಸೇರತಿತ್ತು ಅಂತಾಳ.”

ಅಜ್ಜಿ ಎಂದರೆ ನಮ್ಮ ಅವ್ವ. ಕೊನೆಗಾಲದಲ್ಲಿ ಅಣ್ಣನ ಮನೆಯಲ್ಲೇ ಇದ್ದಳು. ನಾವಿಬ್ಬರು ಮಕ್ಕಳೂ ದಿನಾ ಬೆಳಿಗ್ಗೆ ‘ಹೆಂಗದೀ’ ಎಂದು ಕೇಳಿ, ಒಬ್ಬ ಹೊಲಕ್ಕೆ, ಒಬ್ಬ ಫೋನ್ ಇಟ್ಟು ಸಾಲೆಗೆ ಹೋಗುತ್ತಿದ್ದೆವು.

“ಇದನ್ನ ನನಗ ಕನ್ನಡದಾಗ ಯಾಕ ಹೇಳಲಿಲ್ಲ ಆಕಿ?” ಎಂದ ಅಣ್ಣ.

ಸಂದರ್ಶನ ಮುಗಿಯಿತು. ಕೆಲಸ ಸಿಕ್ಕಿತು ಎಂದು ಸಂಜೆಗೇ ತಿಳಿಯಿತು. ಮಹಾದೇವಿ ಅಪ್ಪನ ಮುಂದೆ ಬಂದು ಕುಳಿತಳು, ಅಡುಗೆಮನೆಯ ಬಾಗಿಲಲ್ಲಿ ನನ್ನ ಹೆಂಡತಿ ನಿಂತಳು. ಅಣ್ಣ ಗಂಟಲು ಸರಿಮಾಡಿಕೊಂಡ.

“ಇಷ್ಟು ದಿನ ಜ್ವಾಕಿ ಮಾಡಿದ ಮಗಳನ್ನ, ಗುರುತು ಪರಿಚಯ ಇಲ್ಲದ ದೇಶಕ್ಕ, ಒಬ್ಬಾಕೀನ್ನ, ಅದೂ ಇಂಥಾ ಮನಿತನ ಬಾಗಲಿಗೆ ಬಂದಾಗ, ಕಳಸೂದು…”

ಇಂಗ್ಲಿಷಿನಲ್ಲಾದರೆ ಇಷ್ಟು ಹೊತ್ತಿಗೆ ತೀರ್ಪು ಬಂದಿರುತ್ತಿತ್ತು. ಅವರದು ಎರಡನೆಯ ಪದಕ್ಕೇ ಹೌದು ಅಲ್ಲ ಗೊತ್ತಾಗುವ ಅವಸರದ ಭಾಷೆ. ಕನ್ನಡದಲ್ಲೂ ಜಪಾನಿಯಲ್ಲೂ ಕ್ರಿಯಾಪದ ಕೊನೆಗೆ ಬರುತ್ತದೆ, ಅಲ್ಲಿಯ ತನಕ ಕೇಳುವವನ ಜೀವ ಬಾಯಿಗೆ ಬಂದಿರುತ್ತದೆ. ನಾವು ಮೂವರೂ ಕಾದೆವು.

“…ಬ್ಯಾಡ” ಎಂದ ಅಣ್ಣ.

ಮಹಾದೇವಿ ತಲೆ ತಗ್ಗಿಸಿದಳು. ಅಣ್ಣ ಉಸಿರು ಎಳೆದುಕೊಂಡ. ವಾಕ್ಯ ಇನ್ನೂ ಮುಗಿದಿರಲಿಲ್ಲ.

“…ಅಂತ ನಾ ಹೆಂಗ ಹೇಳ್ಲಿ?”

ಈ ‘ಅಂತ’ ಎಂಬ ಪುಟ್ಟ ಬಾಲ ಜಪಾನಿಯಲ್ಲೂ ಇದೆ. ಅಲ್ಲಿ ಅದಕ್ಕೆ ‘ತೊ’ ಅನ್ನುತ್ತಾರೆ. ವಾಕ್ಯದ ಹಿಂದೆ ಸಿಕ್ಕಿಸಿದರೆ ಹೇಳಿದ್ದೆಲ್ಲ ಬೇರೆಯವರ ಮಾತಾಗುತ್ತದೆ. ವ್ಯಾಕರಣದಿಂದ ನನಗೆ ಕಣ್ಣಲ್ಲಿ ನೀರು ಬಂದದ್ದು ಅದೊಂದೇ ಸಲ.

ಅಂಕಲಗಿಯವರಿಗೆ ಅಣ್ಣನೇ ಹೋಗಿ ಮರ್ಯಾದೆಯಿಂದ ಹೇಳಿ ಬಂದ. ಮಹಾದೇವಿ ಈಗ ಜಪಾನಿನ ಒಂದು ಸಣ್ಣ ಊರಿನಲ್ಲಿದ್ದಾಳೆ. ಕೆಲಸ ಸೇರಿದೆ, ಥಂಡಿ ಸೇರಿಲ್ಲ, ಅಲ್ಲಿಯ ಅಜ್ಜಿಯರು ಬಹಳ ಸೇರಿದ್ದಾರೆ ಎನ್ನುತ್ತಾಳೆ. ಮೊನ್ನೆ ಅಣ್ಣ ನಮ್ಮಲ್ಲಿ ಇದ್ದಾಗ ಆಕೆಯ ವಿಡಿಯೋ ಕರೆ ಬಂತು. ಆಕೆಯ ಬಾಜೂ ಮನೆಯ ಮುದುಕನೊಬ್ಬ ಮೂಲಂಗಿ ಬೆಳೆಯುತ್ತಾನಂತೆ. ಅವನು ಬೇಲಿಯಾಚೆಯಿಂದ ಫೋನಿಗೆ ಇಣುಕಿ ತಲೆ ಬಾಗಿಸಿದ. ನಾನು ಇದೇ ಅವಕಾಶ ಎಂದು ವ್ಯಾಕರಣಶುದ್ಧವಾಗಿ ಒಂದು ಜಪಾನಿ ವಾಕ್ಯ ಹೇಳಿದೆ. ಮುದುಕ ಬಹಳ ವಿನಯದಿಂದ, ತನಗೆ ಕನ್ನಡ ಬರುವುದಿಲ್ಲ ಎಂದು ಮಹಾದೇವಿಗೆ ತಿಳಿಸಿದ.

ಅಣ್ಣ ಫೋನು ಕಸಿದುಕೊಂಡ.

“ನಮಸ್ಕಾರ್ರಿ! ಊಟ ಆತೇನ್ರಿ?”

“ಹೈ, ಹೈ” ಎಂದು ಜಪಾನಿಯಲ್ಲೇ ಹೌದು ಹೌದು ಅಂದ ಮುದುಕ.

“ಮೂಲಂಗಿ ಭಾರೀ ಬೆಳದಾವಲ್ರಿ! ಎಷ್ಟುದ್ದ ಅದಾವ?”

ಮುದುಕ ಏನೋ ಹೇಳಿ ಒಂದು ಮೂಲಂಗಿ ಎತ್ತಿ ತೋರಿಸಿದ. ಅಣ್ಣ ತನ್ನ ಮೊಳಕೈ ತೋರಿಸಿದ. ಇಬ್ಬರೂ ನಕ್ಕರು. ಆಮೇಲೆ ಗೊಬ್ಬರ, ನೀರು, ಮಂಡಿ ನೋವು, ಎಲ್ಲ ಮಾತಾಯಿತು. ನಾನು ಒಂದು ಪದವನ್ನೂ ಹಿಡಿಯಲಾಗದೆ ಕುಳಿತಿದ್ದೆ. ಕೊನೆಗೆ ಅಣ್ಣ ಕೈ ಮುಗಿದು ಫೋನು ನನ್ನ ಕೈಗೆ ಕೊಟ್ಟು, ಕರುಣೆಯಿಂದ ನನ್ನನ್ನು ನೋಡಿದ.

“ಭಾಳ ಸರಳ ಭಾಷಾ ಐತಲ್ಲೋ. ನಿನಗ್ಯಾಕ ಇಷ್ಟು ದಿನ ಹಿಡೀತು?”