ಶೆಟ್ಟರ ಎರಡನೇ ಕಾರು
ನಾಶಿಕದ ಸಾತಪುರದ ಇಡ್ಲಿ ಹೋಟೆಲಿನ ಹರಿದಾಸ ಶೆಟ್ಟರಿಗೆ ಎರಡನೇ ಕಾರು ಬೇಕು, ಯಾವುದೆಂದು ಮಾತ್ರ ಅವರಿಗೇ ಗೊತ್ತಿಲ್ಲ. ಹೋಟೆಲಿನ ಸಾಮಾನು ತರಲು ಒಂದು ಕಾರಿದೆ. ಈ ಹೊಸದು ತಮ್ಮ ಎರಡು ನಾಯಿಗಳಿಗೆ ಮತ್ತು ಗಂಗಾಪುರ ಅಣೆಕಟ್ಟಿಗೆ ಒಯ್ಯುವ ಪುಟ್ಟ ದೋಣಿಗೆ. ಊಟದ ಗಿರಾಕಿಗಳು ಕರಗಿದೊಡನೆ, ಅಳತೆಗೆಂದು ಪಾರ್ಸೆಲ್ ಕಟ್ಟುವ ದಾರಕ್ಕೆ ಮೂರು ಗಂಟು ಹಾಕಿಕೊಂಡು ನಾಶಿಕದ ಶೋರೂಮುಗಳನ್ನು ಸುತ್ತುತ್ತಾರೆ. ಒಂದು ಗಂಟು ದೋಣಿಯ ಉದ್ದಕ್ಕೆ, ಇನ್ನೊಂದು ನಾಯಿಗಳು ಮಲಗುವ ಅಗಲಕ್ಕೆ. ಜೀಪು ನೋಡಿದರೆ "ಗಮ್ಮತ್ತುಂಟು, ಆದ್ರೆ ಎತ್ತರ ಮಾರಾಯ್ರೆ" ಎನ್ನುತ್ತಾರೆ. ವ್ಯಾನು ನೋಡಿದರೆ "ತಗ್ಗೇನೋ ಉಂಟು, ಗಮ್ಮತ್ತಿಲ್ಲ". ಸೇಲ್ಸ್‌ಮನ್ ಇದೇ ಸರಿ ಎಂದರೆ ಸಂಶಯ, ಅಲ್ಲವೆಂದರೆ ಜಗಳ. "ದೋಣಿ ಮಾರಿಬಿಡಿ, ಅರ್ಧ ತಲೆಬಿಸಿ ಹೋಗ್ತದೆ" ಎಂದು ಹೆಂಡತಿ ಗುಣವತಿ ಅಂದ ದಿನ ಶೆಟ್ಟರ ಕೈಯಿಂದ ಸಾಂಬಾರಿಗೆ ಎರಡು ಸಲ ಉಪ್ಪು ಬೀಳುತ್ತದೆ. ಮೂರನೇ ಗಂಟು ಯಾತಕ್ಕೆಂದು, ದಿನಾ ಅಲ್ಲಿ ಇಡ್ಲಿ ತಿನ್ನುವ ನಾನೊಮ್ಮೆ ಕೇಳಿದೆ. ಅದು ಎರಡು ನಾಯಿಗಳಲ್ಲಿ ಮುದಿಯಾದ ಕಾಳುವಿನದು. ಲಾರಿ ಬಡಿದು ಹಿಂಗಾಲು ಸೋತ ಮೇಲೆ ಅದು ಹತ್ತಬಲ್ಲ ಎತ್ತರ ಅಷ್ಟೇ. "ಎತ್ತಿ ಕೂರಿಸಬಹುದಲ್ಲ ಶೆಟ್ರೆ?" ಎಂದೆ. ಶೆಟ್ಟರು ದಾರವನ್ನು ಬೆರಳಿಗೆ ಸುತ್ತಿಕೊಂಡರು. "ಎತ್ತಿದ್ರೆ ಅದಕ್ಕೆ ನಾಚಿಕೆ ಆಗ್ತದೆ. ದೋಣಿಯಲ್ಲಿ ಕೂತಾಗ ಮಾತ್ರ ನೋಡಿ, ಅದು ಕುಂಟುನಾಯಿ ಅಲ್ಲ."