ದಾಟಿ ಹೋಗುವ ಊರು

ಸೊಲ್ಲಾಪುರವನ್ನು ಬೈಯುವ ಹಕ್ಕು ಯಾರಿಗಾದರೂ ಇದ್ದರೆ ಅದು ತನಗೊಬ್ಬಳಿಗೇ ಎಂದು ವೇಣೂಬಾಯಿ ನಂಬಿದ್ದಳು. ಬೆಳಗಾದರೆ ಧೂಳಿಗೆ ಶಾಪ, ಮಧ್ಯಾಹ್ನ ಬಿಸಿಲಿಗೆ ಶಾಪ, ನಾಲ್ಕೈದು ದಿನಕ್ಕೊಮ್ಮೆ ಬರುವ ನಳದ ನೀರಿಗಂತೂ ಅದರ ವಂಶವನ್ನೇ ಎತ್ತಿ ಬೈಗುಳ. ಆದರೆ ಹೊರಗಿನವರು ಬಂದು ‘ಏನ್ರಿ ಇದು ನಿಮ್ಮೂರು’ ಎಂದು ಮೂಗು ಮುರಿದರೆ ಮುಗಿಯಿತು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದು ನಿಲ್ಲುತ್ತಿದ್ದಳು. ಅತ್ತೆಯನ್ನು ಸೊಸೆ ಬೈಯಬಹುದು, ನೆರೆಮನೆಯವಳು ಬೈಯಬಾರದು. ಇದೂ ಹಾಗೆಯೇ.

ಅವಳು ಹುಟ್ಟಿದ್ದು ಅಕ್ಕಲಕೋಟದಲ್ಲಿ, ಸ್ವಾಮಿಗಳ ಗುಡಿಯ ಹಿಂದಿನ ಓಣಿಯಲ್ಲಿ. ಆ ಕಾಲಕ್ಕೆ ಅಕ್ಕಲಕೋಟದ ಹುಡುಗಿಯರಿಗೆ ಪಟ್ಟಣವೆಂದರೆ ಸೊಲ್ಲಾಪುರವೇ. ಹೊತ್ತುಹೊತ್ತಿಗೆ ಕೂಗುವ ಗಿರಣಿಯ ಭೋಂಗಾ, ನವಿ ಪೇಠೆಯ ಸೀರೆ ಅಂಗಡಿಗಳು, ಸಿನೆಮಾ. ಸೊಲ್ಲಾಪುರದ ವರ ಸಿಕ್ಕಿದನೆಂದರೆ ಹುಡುಗಿ ಪುಣ್ಯ ಮಾಡಿದ್ದಳು ಎನ್ನುತ್ತಿದ್ದರು. ಶಾಲೆಯ ಕಚೇರಿಯಲ್ಲಿ ಗುಮಾಸ್ತನಾಗಿದ್ದ ದಿಗಂಬರನ ಕೈ ಹಿಡಿದು ಆ ಪುಣ್ಯದ ಪಾಲನ್ನು ಪಡೆದು ನವಿ ಪೇಠೆಯ ಹಿಂದಿನ ಗಲ್ಲಿಗೆ ಬಂದವಳು ವೇಣೂಬಾಯಿ. ಆಮೇಲೆ ಗಿರಣಿಗಳು ಮುಚ್ಚಿದವು, ಭೋಂಗಾ ನಿಂತಿತು, ದಿಗಂಬರ ನಿವೃತ್ತನಾಗಿ ಆರಾಮ ಕುರ್ಚಿ ಹಿಡಿದ. ಊರಿನ ಬೆಲೆ ಎಷ್ಟು ಇಳಿದಿದೆ ಎಂಬುದು ಮಾತ್ರ ಮಗ ಅಮೇಯನಿಗೆ ಕನ್ಯೆ ಹುಡುಕಲು ಹೊರಟಾಗಲೇ ಅವಳಿಗೆ ತಿಳಿದದ್ದು.

ಅಮೇಯ ಊರ ಹೊರಗಿನ ಚಿಂಚೋಳಿ ಎಂಐಡಿಸಿ ಕೈಗಾರಿಕಾ ವಸಾಹತಿನ ಟಾವೆಲ್ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಜರ್. ಕುಡಿಯುವುದಿಲ್ಲ, ಸೇದುವುದಿಲ್ಲ, ತಾಯಿಯ ಬಾಯಿಗೆ ಎದುರು ಮಾತಾಡುವುದಿಲ್ಲ. ಇನ್ನೇನು ಬೇಕು? ಬಂದ ಕನ್ಯೆಯವರೆಲ್ಲ ಒಂದೇ ಪಾಠ ಒಪ್ಪಿಸಿದಂತೆ ‘ಹುಡುಗ ಛಲೋ ಇದ್ದಾನ್ರಿ, ಆದ್ರ ಊರು...’ ಎಂದು ಎಳೆದು ಎದ್ದು ಹೋದರು. ಒಬ್ಬಳಂತೂ ಹೊಸಿಲು ದಾಟುವ ಮೊದಲೇ ‘ಪುಣ್ಯಾಲಾ ಫ್ಲ್ಯಾಟ್ ಆಹೆ ಕಾ’ ಎಂದು ಮರಾಠಿಯಲ್ಲಿ ಕೇಳಿದ್ದಳು. ಪುಣೆಯಲ್ಲಿ ಫ್ಲ್ಯಾಟ್ ಇದ್ದರೆ ನಾವು ಇಲ್ಲಿ ಕೂತು ನಿನಗೆ ಅವಲಕ್ಕಿ ಕಲಸುತ್ತಿದ್ದೆವೇನು ಎಂದು ವೇಣೂಬಾಯಿ ಗಂಟಲವರೆಗೆ ಬಂದದ್ದನ್ನು ನುಂಗಿಕೊಂಡಳು. ಅವಳು ನುಂಗಿಕೊಂಡದ್ದು ಅದೊಂದೇ ಸಲ.

ಅವಳಿಗೆ ಮಗಳೊಬ್ಬಳು ಇದ್ದಳು, ಶ್ರೀಲೇಖಾ. ರಕ್ತ ತಪಾಸಣೆಯ ಲ್ಯಾಬಿನಲ್ಲಿ ಕೆಲಸ. ಹೋದ ದೀಪಾವಳಿ ಮುಗಿದ ಮೇಲೆ ಅವಳಿಗೂ ಒಂದು ಸಂಬಂಧ ಬಂದಿತ್ತು. ಕಲಬುರಗಿಯ ಅಂಬಾಬಾಯಿ ಎಂಬಾಕೆ, ಮಗ ವಾದಿರಾಜನನ್ನು ಕರೆದುಕೊಂಡು ಸ್ವಾಮಿಗಳ ದರ್ಶನಕ್ಕೆ ಅಕ್ಕಲಕೋಟಕ್ಕೆ ಬಂದವರು, ವೇಣೂಬಾಯಿಯ ತವರಿನಲ್ಲೇ ಶ್ರೀಲೇಖಾಳನ್ನು ನೋಡಿದರು. ಹುಡುಗ ಕಾಲೇಜಿನಲ್ಲಿ ಪಾಠ ಹೇಳುವವನು. ಇಬ್ಬರೂ ಅಂಗಳದ ಕಟ್ಟೆಯ ಮೇಲೆ ಕೂತು ಮಾತಾಡಿದರು. ಒಳಗೆ ಬಂದ ಶ್ರೀಲೇಖಾ ತಾಯಿಯ ಕಿವಿಯಲ್ಲಿ ‘ಅವ್ವಾ, ನನಗ ಒಪ್ಪಿಗಿ ಅದ’ ಎಂದಳು. ಯಾವತ್ತೂ ಯಾವುದನ್ನೂ ಬಾಯಿಬಿಟ್ಟು ಕೇಳಿದ ಹುಡುಗಿಯಲ್ಲ ಅವಳು.

ವೇಣೂಬಾಯಿ ಏನು ಮಾಡಿದಳು? ಅಂಬಾಬಾಯಿಯ ಎದುರಿಗೇ ಬಾಯಿ ಬಿಟ್ಟಳು.

“ಹುಡುಗನ ಬಗ್ಗೆ ನಂದೇನೂ ಇಲ್ರಿ. ಆದ್ರ ನಿಮ್ಮ ಕಲಬುರ್ಗಿಯೊಳಗ ಏನದ? ಬಿಸಿಲು, ಇಲ್ಲಂದ್ರ ತೊಗರಿ ಬ್ಯಾಳಿ. ನಾವು ಹೈದರಾಬಾದಕ್ಕ ಹೋಗಬೇಕಾದ್ರ ರೈಲಿನ ಕಿಡಕಿ ಹಾಕ್ಕೊಂಡು ದಾಟಿ ಹೋಗೂ ಊರು ಅದು. ಇಳದು ಸಂಸಾರ ಮಾಡೂ ಊರಲ್ಲ.”

ತನ್ನ ಸೊಲ್ಲಾಪುರದ ಬೇಸಿಗೆಯಲ್ಲಿ ಗಂಧದ ಗಾಳಿ ಬೀಸುತ್ತದೆ ಎಂಬಂತೆ ಆಡಿದ ಮಾತು ಅದು. ಅಂಬಾಬಾಯಿ ಪ್ರಸಾದದ ಪೊಟ್ಟಣವನ್ನು ಚೀಲದಲ್ಲಿ ಹಾಕಿಕೊಂಡು ಎದ್ದಳು. ಆಮೇಲೆ ಶ್ರೀಲೇಖಾ ಎರಡು ಸಲ ‘ಅವ್ವಾ, ಇನ್ನೊಮ್ಮಿ ಫೋನ್ ಮಾಡಿ ನೋಡು’ ಎಂದಳು. ‘ಮೊದಲ ಅಣ್ಣಂದು ಆಗಲಿ, ಅವರೆಲ್ಲಿ ಓಡಿ ಹೋಗತಾರ’ ಎಂದು ವೇಣೂಬಾಯಿ ದೂಡುತ್ತಲೇ ಬಂದಳು. ಮಗಳು ಮೂರನೇ ಸಲ ಕೇಳಲಿಲ್ಲ. ಆದರೆ ಲ್ಯಾಬಿನಿಂದ ಬಂದವಳು ಫೋನನ್ನು ಮೇಜಿನ ಮೇಲೆ ಕಣ್ಣಿಗೆ ಬೀಳುವಂತೆಯೇ ಇಡುತ್ತಿದ್ದಳು. ಕಾಯುತ್ತಿದ್ದಾಳೆ ಎಂಬುದು ಮನೆಯ ಎಲ್ಲರಿಗೂ ಗೊತ್ತಿತ್ತು, ವೇಣೂಬಾಯಿಗೂ ಗೊತ್ತಿತ್ತು.

ಅಷ್ಟರಲ್ಲಿ ಹುಬ್ಬಳ್ಳಿಯ ಸಂಬಂಧ ಕೂಡಿಬಂತು. ಹುಡುಗಿ ಪ್ರಣಿತಾ. ಇವರು ಹೋಗಿ ನೋಡಿ ಬಂದಾಗಿತ್ತು, ಅಮೇಯನ ಮುಖದಲ್ಲಿ ಬಹಳ ದಿನದ ಮೇಲೆ ನಗು ಕಂಡಿತ್ತು. ಇನ್ನು ಅವರು ಮನೆ ನೋಡಲು ಬರುವುದೊಂದು ಬಾಕಿ. ಯಾವ ದಿನ ಎಂದು ಕೇಳಿದಾಗ ವೇಣೂಬಾಯಿ ಪಂಚಾಂಗ ನೋಡಲಿಲ್ಲ, ನೀರಿನ ಪಾಳಿ ನೋಡಿದಳು. ಆ ಗಲ್ಲಿಯಲ್ಲಿ ಬೀಗರನ್ನು ಕರೆಯುವುದೂ ಸತ್ಯನಾರಾಯಣ ಪೂಜೆ ಇಡುವುದೂ ನೀರು ಬರುವ ದಿನವೇ. ಪಾಳಿ ರವಿವಾರ ಬರುತ್ತಿತ್ತು. ರವಿವಾರವೇ ಬರ್ರಿ ಎಂದಳು.

ಗಲ್ಲಿಗೆ ಇನ್ನೊಂದು ಪದ್ಧತಿಯೂ ಇತ್ತು. ಪಾಳಿಯ ದಿನ ಬೆಳಿಗ್ಗೆ ಹಳೆಯ ನೀರನ್ನೆಲ್ಲ ಚೆಲ್ಲಿ, ಪೀಪಾಯಿ, ಹಂಡೆ, ಕೊಡಗಳನ್ನು ತಿಕ್ಕಿ, ಬಾಯಿ ಮೇಲೆ ಮಾಡಿ ಇಟ್ಟು ನಳದ ಮುಂದೆ ಕಾಯಬೇಕು. ಹಳೆಯ ನೀರನ್ನು ಇಟ್ಟುಕೊಂಡವಳು ಹೊಲಸಿ. ನೀರಿಲ್ಲ ನೀರಿಲ್ಲ ಎಂದು ನಾಲ್ಕು ದಿನ ಒದ್ದಾಡಿ, ಐದನೇ ದಿನ ಅರ್ಧ ಪೀಪಾಯಿ ನೀರನ್ನು ಗಟಾರಕ್ಕೆ ಸುರಿಯುವ ಈ ಬುದ್ಧಿಗೆ ಏನೆನ್ನಬೇಕೋ! ಆದರೆ ಹೆಂಗಸರ ಮಾನ ಆ ಪೀಪಾಯಿಯ ತಳದಲ್ಲಿ ಇತ್ತು.

“ಒಂದು ಪೀಪಾಯಿ ಇರ‍್ಲಿ ಬಿಡಲೇ,” ಎಂದ ದಿಗಂಬರ ಕುರ್ಚಿಯಿಂದಲೇ.

“ಹುಬ್ಬಳ್ಳಿಯವರಿಗೆ ನಾಲ್ಕು ದಿನದ ಶಿಳೇ ನೀರು ಕುಡಸ್ಲೇನು? ನೀವು ಸುಮ್ಮ ಕೂಡ್ರಿ. ಕುಂಡ್ರೂದೊಂದು ನಿಮಗ ಛಲೋ ಬರತದ.”

ಎಲ್ಲ ಬರಿದಾಯಿತು. ತಾಮ್ರದ ಹಂಡೆಯನ್ನು ಹುಣಸೆಹಣ್ಣು ಹಚ್ಚಿ ಬೆಳಗಿದಳು. ನಳದ ಬಾಯಿಗೆ ಹೊಸ ಅರಿವೆ ಕಟ್ಟಿದಳು. ನೀರು ಬರುವ ಹೊತ್ತಾಯಿತು, ಹೊತ್ತು ಮೀರಿತು. ನಳ ಒಂದು ಸಲ ಸುಯ್ ಎಂದು ಗಾಳಿ ಬಿಟ್ಟು ಸುಮ್ಮನಾಯಿತು. ಆಮೇಲೆ ಅಮೇಯನ ಫೋನಿಗೆ ಗಲ್ಲಿಯ ಗುಂಪಿನ ಸಂದೇಶ ಬಂತು. ಎಲ್ಲೋ ದಾರಿಯಲ್ಲಿ ಪೈಪ್ ಒಡೆದಿದೆ, ಪಾಳಿ ನಾಳೆಗೆ.

ವೇಣೂಬಾಯಿ ಕೊಡ ಹಿಡಿದು ಪಕ್ಕದ ಗುರುಬಾಯಿಯ ಮನೆಗೆ ಓಡಿದಳು. ಗುರುಬಾಯಿ ತನ್ನ ತೊಳೆದ ಕೊಡಗಳನ್ನು ತೋರಿಸಿ ಹಣೆ ಬಡಿದುಕೊಂಡಳು. ಆಚೆ ಮನೆಯಲ್ಲೂ ಅದೇ, ಅದರಾಚೆಯೂ ಅದೇ. ಗಲ್ಲಿಗೆ ಗಲ್ಲಿಯೇ ಮಾನವಂತರದು, ಒಂದು ತಂಬಿಗೆ ನೀರಿಗೆ ಗತಿಯಿಲ್ಲ. ಹೊರಗೆ ಗಟಾರದಲ್ಲಿ ಎಲ್ಲರ ಮನೆಯ ನೀರು ಇನ್ನೂ ಹರಿಯುತ್ತಲೇ ಇತ್ತು.

ಅಮೇಯ ಸ್ಕೂಟರಿನಲ್ಲಿ ಹೋಗಿ ಎರಡು ಕ್ಯಾನ್ ನೀರು ತಂದ. ಅದು ಕುಡಿಯಲು, ಚಹಾಕ್ಕೆ ಸಾಕಿತ್ತು. ಹುಬ್ಬಳ್ಳಿಯವರು ರೈಲಿಳಿದು ಆಟೋದಲ್ಲಿ ಬಂದರು: ಪ್ರಣಿತಾ, ಅವಳ ತಾಯಿ, ಸೋದರಮಾವ ಲಕ್ಷ್ಮೀಕಾಂತ. ಈ ಲಕ್ಷ್ಮೀಕಾಂತನಿಗೆ ಊರೂರು ತಿರುಗುವುದೇ ಉದ್ಯೋಗ. ತಿರುಗಿ ಬಂದು ಯಾವ ಊರು ಇರಲಿಕ್ಕೆ ಒಳ್ಳೆಯದು, ಯಾವುದು ನೋಡಲಿಕ್ಕೆ ಒಳ್ಳೆಯದು ಎಂದು ಸಂಬಂಧಿಕರಿಗೆಲ್ಲ ಫೋನಿನಲ್ಲಿ ಬರೆದು ಕಳಿಸುತ್ತಾನಂತೆ. ಅವಲಕ್ಕಿಯ ತಟ್ಟೆ ಕೈಗೆ ಬಂದದ್ದೇ ಶುರುಮಾಡಿದ.

“ಇರಲಿಕ್ಕೆ ಮೈಸೂರು ಬಿಟ್ರ ಬ್ಯಾರೆ ಊರಿಲ್ರಿ. ಹವಾ ಬೇಕು ಅಂದ್ರ ಬೆಳಗಾವಿ. ಮಂಗಳೂರು ಛಲೋನ ಅದ, ಆದ್ರ ಅಂಗಿ ಮೈಗೆ ಅಂಟತದ. ಕೊಯಿಮತ್ತೂರಿನ ನೀರು, ಆಹಾ! ವಾರಂಗಲ್ ಎರಡು ದಿನಕ್ಕ ಅಡ್ಡಿಯಿಲ್ಲ, ಮೂರನೇ ದಿನ ಬ್ಯಾಸರ.”

“ಮತ್ತ ಹುಬ್ಬಳ್ಳಿ?” ಎಂದು ದಿಗಂಬರ ಕೇಳಿದ.

“ನಮ್ಮೂರು ನಾವ ಹೊಗಳಬಾರದ್ರಿ,” ಎಂದು ಲಕ್ಷ್ಮೀಕಾಂತ ವಿನಯದಿಂದ ಕೈ ತೊಳೆಯಲು ಎದ್ದ. ಬಚ್ಚಲಿಗೆ ಹೋಗಿ ನಳ ತಿರುವಿದ. ಇನ್ನೊಂದು ನಳ ತಿರುವಿದ. ಫಳಫಳ ಹೊಳೆಯುವ ಹಂಡೆಯಲ್ಲಿ ಬಗ್ಗಿ ನೋಡಿದ, ಪೀಪಾಯಿಯ ಮುಚ್ಚಳ ತೆಗೆದು ನೋಡಿದ. ಶ್ರೀಲೇಖಾ ಓಡಿಹೋಗಿ ಕ್ಯಾನಿನಿಂದ ತಂಬಿಗೆಯಲ್ಲಿ ನೀರು ತಂದು ಅವನ ಕೈಗೆ ಸುರಿದಳು.

ತಿರುಗಿ ಬಂದು ಕೂತವನು ಪ್ರಣಿತಾಳ ತಾಯಿಯ ಮುಖ ನೋಡಿದ. ಆಕೆ ಸೆರಗು ಸರಿಮಾಡಿಕೊಂಡಳು.

“ಹುಡುಗ ಛಲೋ ಇದ್ದಾನ್ರಿ, ಅದರಾಗ ಎರಡು ಮಾತಿಲ್ಲ,” ಎಂದಳು. “ಆದ್ರ...”

“ನಾನ ಹೇಳತೀನಿ ತಡಿ,” ಎಂದ ಲಕ್ಷ್ಮೀಕಾಂತ. “ಸಿಟ್ಟಾಗಬ್ಯಾಡ್ರಿ ಬಾಯಿಯವರ. ಕೆಲವು ಊರು ಇರಲಿಕ್ಕೆ ಇರತಾವ, ಕೆಲವು ನೋಡಲಿಕ್ಕೆ. ಸೊಲ್ಲಾಪುರ ಎರಡೂ ಅಲ್ರಿ. ಇದು ದಾಟಿ ಹೋಗೂ ಊರು.”

ತಂಬಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಶ್ರೀಲೇಖಾ ತಾಯಿಯನ್ನು ನೋಡಿದಳು. ವೇಣೂಬಾಯಿ ಅದನ್ನು ಗಮನಿಸಲಿಲ್ಲ. ಅವಳ ಸೆರಗು ಆಗಲೇ ಸೊಂಟ ಸೇರಿತ್ತು.

“ದಾಟಿ ಹೋಗೂ ಊರ? ನೀವು ಮೈ ಒರಸ್ಕೊಳ್ಳೂ ಟಾವೆಲ್ ಯಾವ ಊರಿಂದ್ರಿ? ಥಂಡಿಯೊಳಗ ಮೈಮ್ಯಾಲೆ ಎಳಕೊಳ್ಳೂ ಚಾದರ ಯಾವೂರಿಂದು? ಮೈಸೂರಿಂದೇನು? ನಮ್ಮೂರಿನ ಅರಿವಿ ಹೊದ್ದು ಮಲಗತೀರಿ, ಎದ್ದು ನಮ್ಮೂರಿಗೆ ಮೂಗು ಮುರೀತೀರಿ? ನಮ್ಮಕ್ಕನ್ನ ನಿಮ್ಮ ಹುಬ್ಬಳ್ಳಿಗೇ ಕೊಟ್ಟೀವಿ. ಎಂಟೆಂಟು ದಿನ ನೀರು ಕಾದು ಕಾದು ಆಕಿ ಕೂದಲಾ ಬೆಳ್ಳಗಾದ್ವು, ಅದನ್ನ ನಿಮ್ಮ ಫೋನಿನ್ಯಾಗ ಬರದೀರೇನು? ಹುಡುಗನ್ನ ನೋಡಾಕ ಬಂದೀರೋ, ಪೀಪಾಯಿ ಬಗ್ಗಿ ನೋಡಾಕ ಬಂದೀರೋ? ಮನಷ್ಯಾರ ಜೊತಿ ಬಾಳೇ ಮಾಡತಾರೋ, ಊರಿನ ಜೊತಿ ಮಾಡತಾರೋ? ನಡೀರಿ. ದಾಟ್ರಿ. ದಾಟಿ ಹೋಗ್ರಿ.”

ದಾಟಿ ಹೋದರು. ಪ್ರಣಿತಾ ಮಾತ್ರ ಬಾಗಿಲಲ್ಲಿ ನಿಂತು ಅಮೇಯನ ಕಡೆ ಒಂದು ಸಲ ನೋಡಿದಳು. ಅಮೇಯ ಚಪ್ಪಲಿ ಮೆಟ್ಟಿಕೊಂಡು, ಯಾರಿಗೂ ಹೇಳದೆ ಹೊರಗೆ ಹೊರಟುಹೋದ.

ಅವರು ಹೋದ ಮೇಲೂ ವೇಣೂಬಾಯಿಯ ಬಾಯಿ ನಿಲ್ಲಲಿಲ್ಲ. ಲಕ್ಷ್ಮೀಕಾಂತನಿಗೆ, ಮೈಸೂರಿಗೆ, ಪೈಪಿಗೆ, ಪೈಪ್ ಒಡೆದವನಿಗೆ, ಕುರ್ಚಿಯಲ್ಲಿದ್ದ ಗಂಡನಿಗೆ ಸರದಿಯ ಮೇಲೆ ಬೈಗುಳ ಹಂಚಿದಳು. ಶ್ರೀಲೇಖಾ ತಟ್ಟೆಗಳನ್ನು ಒಂದರ ಮೇಲೊಂದು ಇಡುತ್ತಿದ್ದಳು. ತೊಳೆಯಲು ನೀರಿರಲಿಲ್ಲ.

“ಕೇಳಿದೇನು ಆ ಹುಬ್ಬಳ್ಳಿಯವನ ಮಾತು?” ಎಂದು ವೇಣೂಬಾಯಿ ಮಗಳ ಕಡೆ ತಿರುಗಿದಳು. “ದಾಟಿ ಹೋಗೂ ಊರಂತ! ಎಂಥಾ ನಾಲಿಗಿ!”

“ಅವನ ಮಾತಲ್ಲ ಅವ್ವಾ ಅದು,” ಎಂದಳು ಶ್ರೀಲೇಖಾ. “ನಿಂದು. ಅಕ್ಕಲಕೋಟದೊಳಗ ಅಂಬಾಬಾಯಿಗೆ ನೀ ಹಿಂಗ ಅಂದಿದ್ದಿ. ಕಿಡಕಿ ಹಾಕ್ಕೊಂಡು ಅಂತನೂ ಅಂದಿದ್ದಿ. ಇಂವಾ ಪಾಪ, ಅಷ್ಟರೆ ಅನ್ನಲಿಲ್ಲ.”

ವೇಣೂಬಾಯಿ ಬಾಯಿ ತೆರೆದಳು. ನಳದಂತೆಯೇ ಬರೀ ಗಾಳಿ.

“ಮನಷ್ಯಾರ ಜೊತಿ ಬಾಳೇ ಮಾಡತಾರೋ ಊರಿನ ಜೊತಿ ಮಾಡತಾರೋ ಅಂತ ಅವರಿಗೆ ಕೇಳಿದೆಲ್ಲ,” ಎಂದಳು ಮಗಳು. ದನಿ ಏರಿಸದೆ, ಜೋಡಿಸಿದ ತಟ್ಟೆಗಳನ್ನು ಎತ್ತಿಕೊಂಡಳು. “ನನಗ್ಯಾಕ ಕೇಳಲಿಲ್ಲ?”

ದಿಗಂಬರ ಕುರ್ಚಿಯಲ್ಲಿ ಕಣ್ಣು ಮುಚ್ಚಿಕೊಂಡ. ವೇಣೂಬಾಯಿಗೆ ತನ್ನ ಮೇಲೆಯೇ ಎಂಥ ಸಿಟ್ಟು ಬಂತೆಂದರೆ, ತನ್ನ ಫೋನನ್ನು ಕಿತ್ತುಕೊಂಡವಳಂತೆ ತೆಗೆದು, ಜಗಳಕ್ಕೆ ಹೋದವಳ ದನಿಯಲ್ಲೇ ಕಲಬುರಗಿಗೆ ಹಚ್ಚಿದಳು.

“ಅಂಬಾಬಾಯಿ, ನಾ ವೇಣೂಬಾಯಿ, ಸೊಲ್ಲಾಪುರದಾಕಿ. ಅವತ್ತ ನಾ ಬಾಯಿಗೆ ಬಂದಂಗ ಆಡಿದೆ. ತಪ್ಪಾತು. ನಿಮ್ಮ ಬಿಸಿಲೂ ಬಿಸಿಲ, ನಮ್ಮ ಬಿಸಿಲೂ ಬಿಸಿಲ. ನಮ್ಮ ಹುಡುಗಿ ನಿಮ್ಮ ಹುಡುಗನ್ನ ಒಪ್ಪಿದಾಳ. ಅವತ್ತ ಒಪ್ಪಿದ್ದಳು. ಮುಂದಿನ ರವಿವಾರ ನಾವ ಬರತೀವಿ.”

ಆ ಕಡೆಯಿಂದ ಅಂಬಾಬಾಯಿಯ ದನಿ ಬೆಣ್ಣೆಯಂತೆ ಮೆತ್ತಗಿತ್ತು. ಜಗಳವಾಡಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು.

“ಬರ್ರಿ ಬಾಯಿ, ಅಗದೀ ಬರ್ರಿ. ಮನಿ ನಿಮ್ಮದ ಅದ. ವಾದಿರಾಜಂದು ಮೊನ್ನೆ ಗುರುವಾರ ನಿಶ್ಚಯ ಆತು. ರಾಯಚೂರಿನ ಹುಡುಗಿ. ನಿಮ್ಮ ಹುಡುಗಿ ಫೋನ್ ಮಾಡಿಸ್ತಾಳ ಅಂತ ಅಂವಾ ಭಾಳ ದಿನ ಹಾದಿ ನೋಡಿದಾ. ನಾನ ಅಂದೆ, ಅವರಿಗೆ ನಮ್ಮೂರು ಸೇರಂಗಿಲ್ಲಪಾ, ಒತ್ತಾಯ ಮಾಡಬಾರದು ಅಂತ.”

ಫೋನ್ ಇಟ್ಟ ವೇಣೂಬಾಯಿ ಬೈಯಲು ಯಾರಾದರೂ ಸಿಗುತ್ತಾರೇನೋ ಎಂದು ನೋಡಿದಳು. ಕಲಬುರಗಿಯನ್ನು ಬೈಯುವಂತಿರಲಿಲ್ಲ, ಹುಬ್ಬಳ್ಳಿಯನ್ನು ಬೈದು ಮುಗಿದಿತ್ತು, ರಾಯಚೂರು ಅವಳಿಗೇನೂ ಮಾಡಿರಲಿಲ್ಲ. ಅಷ್ಟು ದೊಡ್ಡ ಸಿಟ್ಟಿಗೆ ಒಂದು ಊರೂ ಉಳಿದಿರಲಿಲ್ಲ.

“ಏನಂದ್ರು?” ಎಂದು ಶ್ರೀಲೇಖಾ ಕೇಳಿದಳು.

“ನಿಶ್ಚಯ ಆಗ್ಯದಂತ. ನನ್ನ ಬಾಯಿಗೆ ಬೆಂಕಿ ಬೀಳಲಿ, ಲೇಖಾ.”

ಶ್ರೀಲೇಖಾ ಅಳಲಿಲ್ಲ. ತಟ್ಟೆಗಳನ್ನು ಕೆಳಗಿಟ್ಟು, ಮೇಜಿನ ಮೇಲೆ ಎದುರಿಗೇ ಇದ್ದ ತನ್ನ ಫೋನನ್ನು ಎತ್ತಿ ಚೀಲದೊಳಗೆ ಹಾಕಿದಳು. ಆಮೇಲೆ ಬಚ್ಚಲಿಗೆ ಹೋಗಿ ಬಾಯಿ ತೆರೆದುಕೊಂಡು ಕೂತಿದ್ದ ಹಂಡೆ, ಕೊಡಗಳನ್ನು ಒಂದೊಂದಾಗಿ ಬೋರಲು ಹಾಕಿದಳು.

“ಇನ್ನ ಮುಂದ ನನ್ನ ನೋಡಾಕ ಯಾರರೆ ಬಂದ್ರ,” ಎಂದಳು ಅಲ್ಲಿಂದಲೇ, “ಊರು ನಾ ಕೇಳತೀನಿ. ನೀ ಕೇಳಬ್ಯಾಡ.”