ಮೊಳೆ ಹೊಡೆದ ಬಿಲ್ಲೆ

ಹಿತ್ತಾಳೆಯನ್ನು ಸ್ವಲ್ಪ ಹೊತ್ತು ಮುಷ್ಟಿಯಲ್ಲಿ ಹಿಡಿದುಕೊಂಡರೆ ಅಂಗೈಗೆ ಒಂದು ವಾಸನೆ ಬರುತ್ತದೆ. ಹುಳಿಯೂ ಅಲ್ಲ, ಕಮಟೂ ಅಲ್ಲ. ಸೋಪು ಹಾಕಿ ತೊಳೆದರೂ ಸಾಯಂಕಾಲದವರೆಗೆ ಹೋಗುವುದಿಲ್ಲ. ಹೋದ ವಾರ ಭದ್ರಾವತಿಯಿಂದ ಬಂದ ಲಕೋಟೆಯೊಳಗೆ ಒಂದು ಹಿತ್ತಾಳೆ ಬಿಲ್ಲೆ ಇತ್ತು. ಮೇಲುಗಡೆ ತೂಗುಹಾಕಲು ಒಂದು ತೂತು, ನಡುವೆ ಹದಿನೇಳು ಎಂಬ ಅಂಕಿ. ಒಂದಕ್ಕೂ ಏಳಕ್ಕೂ ಮಧ್ಯೆ ಇನ್ನೊಂದು ತೂತು, ಮೊಳೆ ಹೊಡೆದದ್ದು. ಅದನ್ನು ಕಂಡ ಕೂಡಲೇ ನನ್ನ ಹೊಟ್ಟೆ ಉರಿಯಿತು. ಇಷ್ಟು ವರ್ಷವಾದ ಮೇಲೂ ಉರಿಯಿತು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಇದು ದೊಡ್ಡ ಮನಸ್ಸಿನವರ ಕಥೆಯಲ್ಲ.

ಆ ಬಿಲ್ಲೆಯನ್ನು ಕಳಿಸಿದವರನ್ನು ನಾವು ಫೋರ್‌ಮನ್ನಮ್ಮ ಎಂದು ಕರೆಯುತ್ತಿದ್ದೆವು. ಭದ್ರಾವತಿಯ ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿದ್ದವರ ಹೆಂಡತಿ. ಗಂಡ ತೀರಿಕೊಂಡು ಕ್ವಾರ್ಟರ್ಸ್ ಬಿಡಬೇಕಾಗಿ ಬಂದಾಗ, ತೊಂಬತ್ತರ ದಶಕದ ಕೊನೆಯಲ್ಲಿ, ಮಗಳನ್ನು ಕರೆದುಕೊಂಡು ಶಿವಮೊಗ್ಗಕ್ಕೆ ಬಂದು ರಾಗಿಗುಡ್ಡದ ಈಚೆಗಿನ ನಮ್ಮ ಬಡಾವಣೆಯಲ್ಲಿ ಮನೆ ಮಾಡಿದ್ದರು. ಕುಳ್ಳಗಿನ ಹೆಂಗಸು. ಮಾತು ಕಡಿಮೆ. ಕೋಪ ನೆತ್ತಿಗೇರಿದಾಗ ಮಾತ್ರ ಕ್ವಾರ್ಟರ್ಸಿನ ಅಕ್ಕಪಕ್ಕದವರಿಂದ ಕಲಿತ ತಮಿಳು ಹೊರಬರುತ್ತಿತ್ತು, ಆಗ ನಾಯಿಗಳೂ ದಾರಿ ಬಿಡುತ್ತಿದ್ದವು.

ಬಡಾವಣೆಯ ನಕ್ಷೆಯಲ್ಲಿ ನಮ್ಮ ಮನೆಗಳ ನಡುವೆ ಉದ್ಯಾನವನ ಎಂದು ಹಸಿರು ಬಣ್ಣ ಬಳಿದ ಜಾಗವೊಂದಿತ್ತು. ಹಸಿರು ನಕ್ಷೆಯಲ್ಲಿ ಮಾತ್ರ. ನೆಲದ ಮೇಲಿದ್ದದ್ದು ಮುಳ್ಳು, ಹಂದಿ, ಮನೆ ಕಟ್ಟಿ ಮಿಕ್ಕಿದ ಇಟ್ಟಿಗೆ ಚೂರು. ಅದರ ಎದುರಿಗೇ ಮನೆಯಿದ್ದ ಸಾಹುಕಾರ ಮಾಚೇನಹಳ್ಳಿಯಲ್ಲಿ ಒಂದು ವರ್ಕ್‌ಶಾಪ್ ನಡೆಸುತ್ತಿದ್ದ. ಅಲ್ಲಿ ಇಡಲು ಜಾಗವಿಲ್ಲದ ಕಬ್ಬಿಣದ ಸಾಮಾನನ್ನೆಲ್ಲ ತಂದು ಇಲ್ಲಿ ರಾಶಿ ಹಾಕುತ್ತಿದ್ದ, ಲಾರಿ ನಿಲ್ಲಿಸುತ್ತಿದ್ದ. ಯಾರೂ ಏನೂ ಅನ್ನುತ್ತಿರಲಿಲ್ಲ. ನಾನಂತೂ ಅನ್ನುವ ಹಾಗೇ ಇರಲಿಲ್ಲ, ಏಕೆಂದರೆ ಅವನ ಆಫೀಸಿನಲ್ಲಿ ನಾನು ಟೈಪಿಸ್ಟ್ ಆಗಿದ್ದೆ. ಅಪ್ಪ ಇರಲಿಲ್ಲ, ಮನೆ ನಡೆಯುತ್ತಿದ್ದದ್ದು ನನ್ನ ಕೆಲಸದಿಂದ.

ಫೋರ್‌ಮನ್ನಮ್ಮ ಬಂದ ತಿಂಗಳಲ್ಲೇ ಅವರ ಮಗಳ ಕಾಲಿಗೆ ಆ ರಾಶಿಯ ತಗಡು ಹೊಕ್ಕಿತು. ರಕ್ತ ಸೋರುತ್ತಿದ್ದ ಹುಡುಗಿಯನ್ನು ಕೈಹಿಡಿದು ನಡೆಸಿಕೊಂಡೇ ಅವರು ಸಾಹುಕಾರನ ಮನೆಗೆ ಬಂದರು. ಕಾಗದಗಳಿಗೆ ಸಹಿ ಹಾಕಿಸಿಕೊಳ್ಳಲು ನಾನು ಅಲ್ಲೇ ನಿಂತಿದ್ದೆ. ಸಾಹುಕಾರ ಜಗಲಿಯ ತೂಗುಯ್ಯಾಲೆಯಿಂದ ಏಳಲಿಲ್ಲ, ಹುಡುಗಿಯ ಕಾಲನ್ನು ನೋಡಲೂ ಇಲ್ಲ.

"ಕ್ವಾರ್ಟರ್ಸ್ ಬುದ್ಧಿ ಇಲ್ಲಿ ತೋರಿಸ್ಬೇಡಿ ಅಮ್ಮ," ಎಂದ. "ಅಲ್ಲಿ ಎಲ್ಲಾ ಕಂಪ್ನಿದು. ಇಲ್ಲಿ ಖಾಲಿ ಜಾಗ ಅಂದ್ರೆ ಯಾರು ಬಳಸ್ಕೋತಾರೋ ಅವ್ರದು."

ಫೋರ್‌ಮನ್ನಮ್ಮ ಮಗಳ ಕೈಯನ್ನು ಮತ್ತೆ ಹಿಡಿದುಕೊಂಡರು. "ಬಳಸ್ಕೊಂಡೋರ್ದು ಅಂತೀರಾ? ಆಯ್ತು," ಎಂದು ಹೊರಟುಹೋದರು.

ನಮ್ಮ ಪಾರ್ಕು ಹುಟ್ಟಿದ್ದು ಆ ಒಂದು ಆಯ್ತು ಎಂಬ ಮಾತಿನಿಂದ. ಈಗ ಅಲ್ಲಿ ವಾಕಿಂಗ್ ಮಾಡುವವರು ಪರಿಸರ ಪ್ರೇಮ, ಒಗ್ಗಟ್ಟು ಎಂದೆಲ್ಲ ಮಾತನಾಡಿಕೊಳ್ಳುವುದನ್ನು ಕೇಳಿ ನನಗೆ ನಗು ಬರುತ್ತದೆ. ಪ್ರೇಮವೂ ಇರಲಿಲ್ಲ, ಮಣ್ಣೂ ಇರಲಿಲ್ಲ. ಇದ್ದದ್ದು ಹಟ. ಮುಂದಿನ ಭಾನುವಾರ ಅವರು ಮನೆ ಮನೆಗೆ ಹೋಗಿ ಗಂಡಸರನ್ನೆಲ್ಲ ಎಬ್ಬಿಸಿಕೊಂಡು ಬಂದರು. ರಾಶಿಯಲ್ಲಿದ್ದ ಕಬ್ಬಿಣವನ್ನು ಒಂದು ತುಂಡೂ ಬಿಡದೆ ಎತ್ತಿ ಸಾಹುಕಾರನ ಗೇಟಿನ ಮುಂದೆ ಅಂದವಾಗಿ ಜೋಡಿಸಿಟ್ಟರು. ಅವನ ಕಾರು ಎರಡು ದಿನ ಮನೆಯಿಂದ ಹೊರಗೆ ಬರಲಾಗಲಿಲ್ಲ.

ಜಾಗ ಖಾಲಿಯಾದ ಮೇಲೆ ಅದನ್ನು ಬಳಸಬೇಕಲ್ಲ? ಜನ ಮೊದಲ ವಾರ ಹುರುಪಿನಿಂದ ಬರುತ್ತಾರೆ, ಎರಡನೆಯ ವಾರ ಕುಂಟು ನೆಪ ಹೇಳುತ್ತಾರೆ. ಇದು ಅವರಿಗೆ ಗೊತ್ತಿತ್ತು. ಭದ್ರಾವತಿಗೆ ಹೋಗಿ ಗುಜರಿ ಅಂಗಡಿಯಿಂದ ಹಳೆಯ ಹಿತ್ತಾಳೆ ಬಿಲ್ಲೆಗಳನ್ನು ತಂದರು. ಹಿಂದೆ ಕಾರ್ಖಾನೆಯ ಗೇಟಿನಲ್ಲಿ ಕೆಲಸಗಾರರು ತಮ್ಮ ನಂಬರಿನ ಬಿಲ್ಲೆಯನ್ನು ಹಲಗೆಗೆ ನೇತುಹಾಕಿ ಒಳಗೆ ಹೋಗುತ್ತಿದ್ದರಂತೆ. ಯಾವ ಕೊಕ್ಕೆ ಖಾಲಿ ಇದೆಯೋ ಅವನು ಬಂದಿಲ್ಲ ಎಂದು ಲೆಕ್ಕ. ಅವರು ಒಂದು ಹಳೆಯ ಬಾಗಿಲನ್ನು ಪಾರ್ಕಿನ ನಲ್ಲಿಯ ಪಕ್ಕ ನಿಲ್ಲಿಸಿ, ಅರ್ಧಕ್ಕೆ ಹಸಿರು ಬಳಿದು ಹಾಜರು ಎಂದು ಬರೆಸಿದರು, ಇನ್ನರ್ಧಕ್ಕೆ ಕಪ್ಪು ಬಳಿದು ಗೈರು ಎಂದು ಬರೆಸಿದರು. ಮೂವತ್ತೆರಡು ಮನೆ, ಮೂವತ್ತೆರಡು ಬಿಲ್ಲೆ. ಒಂದನೆಯದು ಅವರದು, ಹದಿನೇಳು ನಮ್ಮದು, ಕೊನೆಯದು ಸಾಹುಕಾರನದು.

ಬೆಳಿಗ್ಗೆಯದು ಫಸ್ಟ್ ಶಿಫ್ಟ್, ಸಂಜೆಯದು ಸೆಕೆಂಡ್ ಶಿಫ್ಟ್. ಮನೆಗೊಬ್ಬರು ಬಂದು ಗಿಡಕ್ಕೆ ನೀರು ಹಾಕಿ, ಕಳೆ ಕಿತ್ತು, ತಮ್ಮ ಬಿಲ್ಲೆಯನ್ನು ಗೈರಿನಿಂದ ಹಾಜರಿಗೆ ಸರಿಸಬೇಕು. ಸೆಕೆಂಡ್ ಶಿಫ್ಟ್ ಮುಗಿದ ಮೇಲೆ ಫೋರ್‌ಮನ್ನಮ್ಮ ಎಲ್ಲ ಬಿಲ್ಲೆಗಳನ್ನೂ ಮತ್ತೆ ಗೈರಿಗೆ ಹಾಕುತ್ತಿದ್ದರು, ಮರುದಿನ ಹೊಸದಾಗಿ ಶುರು. ಇಷ್ಟೇ. ಆದರೆ ದಾರಿಯಲ್ಲಿ ಹೋಗುವವರ ಕಣ್ಣಿಗೆಲ್ಲ ತಮ್ಮ ಮನೆಯ ನಂಬರು ಕಪ್ಪಿನ ಮೇಲೆ ಕಾಣುವುದು ಯಾರಿಗೆ ಬೇಕು? ಮೂಲೆಮನೆಯ ವಕೀಲರು ಕೋಟು ಹಾಕಿಕೊಂಡೇ ನೀರು ಹೊತ್ತರು. ಹೆಂಗಸರು ಅಕ್ಕಿ ತೊಳೆದ ನೀರನ್ನು ತಂದು ಬುಡಕ್ಕೆ ಸುರಿದು ಅಲ್ಲೇ ಕೂತು ಸೊಪ್ಪು ಸೋಸತೊಡಗಿದರು. ಯಾರೋ ಒಂದು ಕಲ್ಲುಬೆಂಚು ಹಾಕಿಸಿದರು, ಯಾರೋ ಜಾರುಬಂಡೆ. ಹೊಂಗೆ ಚಿಗುರಿತು, ದಾಸವಾಳ ಬಿಟ್ಟಿತು. ಸಾಹುಕಾರ ಮತ್ತೆ ಬರದ ಹಾಗೆ ಅಲ್ಲೊಂದು ಪುಟ್ಟ ಗುಡಿ ಕಟ್ಟಿಬಿಡೋಣ ಎಂದರು ಒಬ್ಬರು. "ದೇವ್ರನ್ನ ವಾಚ್‌ಮನ್ ಮಾಡ್ಬೇಡಿ. ನಾವೇನ್ ಸತ್ತಿದೀವಾ?" ಎಂದು ಫೋರ್‌ಮನ್ನಮ್ಮ ಅವರ ಬಾಯಿ ಮುಚ್ಚಿಸಿದರು.

ಹಲಗೆಯ ಮುಖ ನೇರ ಸಾಹುಕಾರನ ಜಗಲಿಗೆ. ತೂಗುಯ್ಯಾಲೆಯಲ್ಲಿ ಕೂತರೆ ಅವನ ಮೂವತ್ತೆರಡನೆಯದು ಮಾತ್ರ ಕಪ್ಪಿನ ಮೇಲೆ ಉಳಿದಿರುವುದು ಕಾಣುತ್ತಿತ್ತು. ಆರು ತಿಂಗಳಾದ ಮೇಲೆ ಅವನು ತೂಗುಯ್ಯಾಲೆಯನ್ನು ಹಿತ್ತಲಿಗೆ ಸಾಗಿಸಿದ. ಅವತ್ತು ನನಗಾದ ಸಂತೋಷವನ್ನು ಆಫೀಸಿನಲ್ಲಿ ಮುಚ್ಚಿಟ್ಟುಕೊಳ್ಳುವುದು ಬಹಳ ಕಷ್ಟವಾಯಿತು.

ಇಷ್ಟರವರೆಗೆ ಹೇಳುವುದು ಸುಲಭ...

ಮೂರು ವರ್ಷಗಳ ಮೇಲೆ ಫೋರ್‌ಮನ್ನಮ್ಮನ ಮಗಳ ಮದುವೆ ಗೊತ್ತಾಯಿತು. ಭದ್ರಾವತಿಯಲ್ಲಿ, ಒಂದು ಶುಕ್ರವಾರ. ಹಗೆಯವರ ಮನೆಯನ್ನೂ ಬಿಡಬಾರದೆಂದು ಅವರು ಸಾಹುಕಾರನ ಮನೆಗೂ ಅಕ್ಷತೆ ಇಟ್ಟು ಲಗ್ನಪತ್ರಿಕೆ ಕೊಟ್ಟರು. ಬಡಾವಣೆಯವರಿಗೆಲ್ಲ ಬಸ್ಸು ಮಾಡಿದ್ದರು. ಆ ಪತ್ರಿಕೆಯನ್ನು ಮೇಜಿನ ಮೇಲಿಟ್ಟುಕೊಂಡು ಸಾಹುಕಾರ ನನ್ನನ್ನು ಕರೆದು ನಗರಸಭೆಗೆ ಒಂದು ಅರ್ಜಿ ಹೇಳಿ ಬರೆಸಿದ. ಉದ್ಯಾನವನದ ಜಾಗ ಪಾಳು ಬಿದ್ದಿದೆ, ಯಾರೂ ಬಳಸುತ್ತಿಲ್ಲ, ಗೋದಾಮಿಗೆ ಗುತ್ತಿಗೆ ಕೊಡಬೇಕು, ಬರುವ ಶುಕ್ರವಾರ ಸ್ಥಳಕ್ಕೆ ಬಂದು ನೋಡಿದರೆ ಸತ್ಯ ತಿಳಿಯುತ್ತದೆ. ನಾನು ಹೊಸ ಕಾರ್ಬನ್ ಹಾಕಿ ಟೈಪ್ ಮಾಡಿದೆ. ಒಂದು ಅಕ್ಷರವೂ ತಪ್ಪಾಗಲಿಲ್ಲ. "ನೀವೂ ಮದ್ವೆಗೆ ಹೋಗ್ಬನ್ನಿ, ರಜಾ ಕೊಟ್ಟಿದೀನಿ," ಎಂದು ನಕ್ಕ.

ನನಗೆ ಆರು ದಿನ ಸಮಯವಿತ್ತು. ಫೋರ್‌ಮನ್ನಮ್ಮನ ಮನೆ ನಮ್ಮ ಮನೆಯಿಂದ ಮೂವತ್ತು ಹೆಜ್ಜೆ. ಕೆಲಸ ಹೋದರೆ ಅಮ್ಮನನ್ನು ಹೇಗೆ ಸಾಕಲಿ ಎಂದು ನನಗೆ ನಾನೇ ಹೇಳಿಕೊಂಡೆ. ಶುಕ್ರವಾರ ಬೆಳಿಗ್ಗೆ ಬಸ್ಸು ಹತ್ತಲು ಆ ಹಲಗೆಯ ಮುಂದೆಯೇ ನಡೆದುಹೋದೆ. ಹಿಂದಿನ ಸಂಜೆ ಅವರು ಅಷ್ಟು ಬಿಲ್ಲೆಗಳನ್ನೂ ಎಂದಿನಂತೆ ಗೈರಿಗೆ ಹಾಕಿದ್ದರು. ನನ್ನದೊಂದನ್ನಾದರೂ ಸರಿಸಿ ಹೋಗಬಹುದಿತ್ತು. ಸರಿಸಲಿಲ್ಲ. ಮದುವೆಮನೆಯಲ್ಲಿ ಅವರು ಬೀಗರಿಗೆ ನಮ್ಮನ್ನು ತೋರಿಸಿ "ಇವ್ರೆಲ್ಲ ನಮ್ ಪಾರ್ಕಿನೋರು" ಎಂದು ಪರಿಚಯಿಸಿದರು. ಹೋಳಿಗೆ ಗಂಟಲಲ್ಲಿ ಇಳಿಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಎರಡು ತಿಂದೆ.

ಸಂಜೆ ಬಸ್ಸಿಳಿದಾಗ ಪಾರ್ಕಿನ ತುಂಬ ಕಬ್ಬಿಣ. ದಾಸವಾಳದ ಮೇಲೆ ಲಾರಿ ಹೋಗಿತ್ತು. ಹಲಗೆಯನ್ನು ಮಾತ್ರ ಮುಟ್ಟಿರಲಿಲ್ಲ. ಪಾರ್ಕಿನ ಗೇಟಿಗೆ ನಗರಸಭೆ ಕಚೇರಿಯ ನೋಟೀಸು ಅಂಟಿಸಿತ್ತು. ವಕೀಲರು ಗಟ್ಟಿಯಾಗಿ ಓದಿದರು: ಸ್ಥಳದಲ್ಲಿ ಯಾರೂ ಕಂಡುಬಂದಿಲ್ಲ, ಅಲ್ಲಿರುವ ಹಾಜರಿ ಹಲಗೆಯ ಪ್ರಕಾರವೂ ಮೂವತ್ತೆರಡು ಮನೆಯವರು ಗೈರು ಇರುತ್ತಾರೆ. ಮೂರು ವರ್ಷ ಒಂದು ದಿನವೂ ಸುಳ್ಳು ಹೇಳದ ಹಲಗೆ ಅದನ್ನು ನಿಲ್ಲಿಸಿದವರ ವಿರುದ್ಧವೇ ಸಾಕ್ಷಿ ಹೇಳಿತ್ತು. ಫೋರ್‌ಮನ್ನಮ್ಮ ಮದುವೆಯ ರೇಷ್ಮೆ ಸೀರೆಯಲ್ಲೇ ನೆಲದ ಮೇಲೆ ಕೂತುಬಿಟ್ಟರು. ಆಗ ತಮಿಳೂ ಬರಲಿಲ್ಲ.

ಮೂರು ದಿನ ಸುಮ್ಮನಿದ್ದೆ. ನಾಲ್ಕನೆಯ ದಿನ ಆಫೀಸಿನ ಡ್ರಾಯರಿನಿಂದ ಆ ಕಾರ್ಬನ್ ಹಾಳೆಯನ್ನು ರವಿಕೆಯೊಳಗೆ ಇಟ್ಟುಕೊಂಡು ಬಂದು ಅವರ ಕೈಗೆ ಕೊಟ್ಟೆ. ಬೆಳಕಿಗೆ ಹಿಡಿದರೆ ಅಷ್ಟೂ ಅಕ್ಷರ ಕಾಣುತ್ತಿತ್ತು, ಸಾಹುಕಾರ ಕೋರಿದ್ದ ಶುಕ್ರವಾರವೂ ಸೇರಿ. ಅವರು ಓದಿದರು, ನನ್ನನ್ನು ನೋಡಿದರು, ಒಳಗೆ ಹೋದರು.

ಆಮೇಲೆ ಶಿಫ್ಟು ಪಾರ್ಕಿನಿಂದ ಕಚೇರಿಗೆ ವರ್ಗವಾಯಿತು. ದಿನಕ್ಕೆ ನಾಲ್ಕು ಮನೆಯವರು, ಬಿಲ್ಲೆಯನ್ನು ಪಿನ್ನಿನಿಂದ ಸೀರೆಗೆ, ಅಂಗಿಗೆ ಚುಚ್ಚಿಕೊಂಡು, ಕಾರ್ಬನ್ನಿನಿಂದ ಇಳಿಸಿಕೊಂಡ ಅರ್ಜಿಯ ಜೆರಾಕ್ಸ್ ಹಿಡಿದು, ಆ ವರದಿ ಬರೆದ ಸಾಹೇಬರ ಕೋಣೆಯೆದುರಿನ ಬೆಂಚಿನ ಮೇಲೆ ಬೆಳಿಗ್ಗೆಯಿಂದ ಸಂಜೆಯವರೆಗೆ ಕೂರುತ್ತಿದ್ದರು. ಏನು ಬೇಕು ಎಂದು ಕೇಳಿದರೆ ಒಂದೇ ಉತ್ತರ: "ಹಾಜರಿ ಹಾಕೋಕೆ ಬಂದಿದೀವಿ ಸಾರ್." ಜಗಳವಿಲ್ಲ, ಘೋಷಣೆಯಿಲ್ಲ. ಸೊಪ್ಪು ಸೋಸುವ ಹೆಂಗಸರು ಅಲ್ಲೂ ಸೊಪ್ಪು ಸೋಸಿದರು. ತಿಂಗಳು ತುಂಬುವ ಮೊದಲೇ ಗುತ್ತಿಗೆಯ ಮಾತು ಕೈಬಿಟ್ಟರು. ಸಾಹುಕಾರನೇ ತನ್ನ ಲಾರಿಯಲ್ಲಿ ತನ್ನ ಕಬ್ಬಿಣವನ್ನು ಸಾಗಿಸಬೇಕಾಯಿತು. ನನ್ನನ್ನು ಕೆಲಸದಿಂದ ತೆಗೆದ, ತೆಗೆಯಲಿ. ಮುಂದೆ ಅವನು ಮನೆ ಮಾರಿ ಮಾಚೇನಹಳ್ಳಿಯ ಕಡೆ ಹೊರಟ ದಿನ ನಾನು ಬೇಕೆಂದೇ ಹೊಸ ಸೀರೆ ಉಟ್ಟು, ಅವನ ಸಾಮಾನು ಪೂರ್ತಿ ಏರುವವರೆಗೆ ಎದುರಿಗೆ ನಿಂತು ಗಿಡಕ್ಕೆ ನೀರು ಹಾಕಿದೆ.

ಆದರೆ ಅದಕ್ಕೂ ಮೊದಲು ಒಂದು ನಡೆದಿತ್ತು. ಪಾರ್ಕು ವಾಪಸ್ಸಾದ ದಿನ ಎಲ್ಲರೂ ಸೇರಿದ್ದೆವು. ಫೋರ್‌ಮನ್ನಮ್ಮ ಸುತ್ತಿಗೆ ತಂದು ಮೂವತ್ತೆರಡನೆಯ ಬಿಲ್ಲೆಯನ್ನು ಗೈರಿನ ಮೇಲಿಟ್ಟು ನಡುವೆ ಮೊಳೆ ಹೊಡೆದರು. ಜನ ಚಪ್ಪಾಳೆ ತಟ್ಟಿದರು, ಎಲ್ಲರಿಗಿಂತ ಜೋರಾಗಿ ನಾನು. ಅವರು ಇನ್ನೊಂದು ಮೊಳೆ ತೆಗೆದುಕೊಂಡರು. ಹದಿನೇಳನ್ನು ಗೈರಿನ ಮೇಲಿಟ್ಟು ಹೊಡೆದರು. ಚಪ್ಪಾಳೆ ನಿಂತಿತು.

"ಗೊತ್ತಿದ್ದೂ ಹೋಳಿಗೆ ತಿಂದ್ಯಲ್ಲೇ ಮಾರಾಯ್ತಿ," ಎಂದರು. ಅದು ಅವರು ನನ್ನೊಡನೆ ಆಡಿದ ಕೊನೆಯ ಮಾತು.

ನನಗೆ ಬಂದ ಕೋಪ ಇಂಥಿಂಥದಲ್ಲ. ಕಾರ್ಬನ್ ತಂದುಕೊಟ್ಟವಳು ಯಾರು? ಕೆಲಸ ಕಳೆದುಕೊಂಡವಳು ಯಾರು? ನಾಚಿಕೆಯಾಗುವ ಹಾಗೆ ಮಾಡುತ್ತೇನೆ ನೋಡು ಎಂದುಕೊಂಡೆ. ಮರುದಿನದಿಂದ ಎರಡೂ ಶಿಫ್ಟಿಗೆ ಬರತೊಡಗಿದೆ. ಗೈರು ಎಂದು ಮೊಳೆ ಹೊಡೆಸಿಕೊಂಡವಳು ಅವರಿಗಿಂತ ಮುಂಚೆ ಹಾಜರಿರುತ್ತಿದ್ದೆ. ನಾನು ಆರಕ್ಕೆ ಬಂದರೆ ಅವರು ಐದೂ ಮುಕ್ಕಾಲಿಗೆ, ಅವರು ಐದೂ ಮುಕ್ಕಾಲಿಗೆ ಬಂದರೆ ನಾನು ಐದೂವರೆಗೆ. ಅವರು ಸಂಪಿಗೆ ನೆಟ್ಟರೆ ನಾನು ನೇರಳೆ ನೆಟ್ಟೆ. ಅವರ ಗಿಡಕ್ಕೆ ನಾನು ಒಂದು ಚೊಂಬು ನೀರು ಹಾಕಲಿಲ್ಲ, ನನ್ನದಕ್ಕೆ ಅವರು ಹಾಕಲಿಲ್ಲ. ಮಾತಿಲ್ಲದೆ ಎಂಟು ವರ್ಷ. ಬೇರೆ ಬಡಾವಣೆಯವರು ಬಂದು ನಮ್ಮ ಪಾರ್ಕು ನೋಡಿ ಇದು ಹೇಗೆ ಸಾಧ್ಯವಾಯಿತು ಎಂದು ಕೇಳುತ್ತಿದ್ದರು. ಇಬ್ಬರೂ ಬೇರೆ ಬೇರೆ ಕಡೆ ಮುಖ ಮಾಡಿ ಕಳೆ ಕೀಳುತ್ತಿದ್ದೆವು.

ಒಂದು ಬೆಳಿಗ್ಗೆ ಅವರು ನೀರು ಹಾಕಿ, ತಮ್ಮ ಬಿಲ್ಲೆಯನ್ನು ಹಾಜರಿಗೆ ಸರಿಸಿ, ಮಗಳ ಮನೆಗೆ ಎಂದು ಭದ್ರಾವತಿಗೆ ಹೋದರು. ಮಂಡಿ ನೋವು, ಮತ್ತೆ ವಾಪಸ್ಸು ಬರಲಿಲ್ಲ. ಅವತ್ತೇ ನೋಡಿದರೆ ಗೈರಿನಲ್ಲಿ ನನ್ನ ಬಿಲ್ಲೆ ಇರಲಿಲ್ಲ, ಮೊಳೆ ಕಿತ್ತ ತೂತು ಮಾತ್ರ. ಗೈರಿನಿಂದಲೂ ನನ್ನ ಹೆಸರು ಹೊಡೆದುಹಾಕಿ ಹೋದಳು ಮುದುಕಿ ಎಂದು ಹಲ್ಲು ಕಡಿದೆ. ಸಂಜೆ ಬಿಲ್ಲೆ ಸರಿಸುವವರಿಲ್ಲದೆ ಆ ಆಟವೂ ನಿಂತುಹೋಯಿತು. ಎರಡು ವರ್ಷಕ್ಕೊಮ್ಮೆ ಆ ಹಲಗೆಗೆ ನಾನೇ ಬಣ್ಣ ಹೊಡೆಸಿದೆ, ಆ ತೂತನ್ನು ಮಾತ್ರ ಮುಚ್ಚಗೊಡಲಿಲ್ಲ. ನನಗಾದ ಅನ್ಯಾಯ ಊರಿಗೆ ಕಾಣುತ್ತಿರಲಿ ಎಂದು. ಅವರು ಹಾಸಿಗೆ ಹಿಡಿದಿದ್ದಾರೆ ಎಂದು ಬೆಂಚಿನ ಮೇಲೆ ಕೂತವರು ಹೇಳಿದಾಗಲೂ ಕೇಳಿಸದವಳಂತೆ ಕಳೆ ಕಿತ್ತೆ.

ಲಕೋಟೆಯಲ್ಲಿ ಮಗಳ ಚೀಟಿಯಿತ್ತು. ಅಮ್ಮ ಹೋದರು, ಇದನ್ನು ಇಷ್ಟು ವರ್ಷ ದಿಂಬಿನ ಕೆಳಗೆ ಇಟ್ಟುಕೊಂಡಿದ್ದರು. ಕೊಟ್ಟು ಬರಲಾ ಎಂದರೆ ಬೇಡ ಎನ್ನುತ್ತಿದ್ದರಂತೆ. "ಅವ್ಳೇ ಬಂದು ಕೇಳ್ಲಿ. ಬರ್ಲಿಲ್ಲ ಅಂದ್ರೆ ನಾನ್ ಹೋದ್ಮೇಲೆ ಕಳ್ಸು."

ನೋಡಿ, ಕೊನೆಗೂ ಗೆದ್ದದ್ದು ಅವರೇ.

ನಿನ್ನೆ ಬೆಳಿಗ್ಗೆ ಬಿಲ್ಲೆ, ಸುತ್ತಿಗೆ, ಒಂದು ಮೊಳೆ ತೆಗೆದುಕೊಂಡು ಪಾರ್ಕಿಗೆ ಹೋದೆ. ಸೋಗಾನೆಯ ಕಡೆಗೆ ಇಳಿಯುವ ವಿಮಾನವನ್ನು ತೋರಿಸುತ್ತ ಯಾರೋ ಮಗುವಿಗೆ ಊಟ ಮಾಡಿಸುತ್ತಿದ್ದರು. ಹಲಗೆಯಲ್ಲಿ ಉಳಿದಿರುವುದು ಏಳೆಂಟು ಬಿಲ್ಲೆ, ಒಂದನೆಯದು ಇನ್ನೂ ಹಾಜರಿನಲ್ಲೇ ಇತ್ತು. ಅದನ್ನು ಗೈರಿಗೆ ಹಾಕಿ ಮೊಳೆ ಹೊಡೆಯಬೇಕೆಂದೇ ನಾನು ಹೊರಟಿದ್ದು. ಕೊಕ್ಕೆಯಿಂದ ತೆಗೆದು ಗೈರಿಗೆ ಹಾಕಿದೆ. ಸತ್ತವರು ಗೈರೇ. ಮೊಳೆ ಹೊಡೆಯಲು ಮಾತ್ರ ಕೈ ಏಳಲಿಲ್ಲ. ನನ್ನದನ್ನು ಹಾಜರಿಗೆ ಹಾಕಲು ಹೋದೆ. ಅದೂ ಆಗಲಿಲ್ಲ... ಭದ್ರಾವತಿಗೆ ಅರ್ಧ ಗಂಟೆಯ ಬಸ್ಸು. ಈ ಸಲವೂ ಗೊತ್ತಿದ್ದೂ ಸುಮ್ಮನಿದ್ದೆ.

ಹದಿನೇಳನ್ನು ಗೈರಿನ ಮೇಲೆ, ಅವರದರ ಪಕ್ಕದಲ್ಲಿ ಇಟ್ಟೆ. ಬಿಲ್ಲೆಯ ಹಳೆಯ ತೂತಿಗೆ ಮೊಳೆ ಕೂರಿಸಿ ನಾನೇ ಹೊಡೆದೆ. ಅಳು ಬಂತು, ಅತ್ತೆ. ಮೂವತ್ತೆರಡನೆಯದರ ಮೊಳೆ ಸ್ವಲ್ಪ ಸಡಿಲವಾಗಿದ್ದು ಕಂಡಿತು. ಅದಕ್ಕೂ ಎರಡು ಏಟು ಕೊಟ್ಟು, ಕೊಡ ತುಂಬಿಸಿಕೊಂಡು ಸಂಪಿಗೆಯ ಬುಡಕ್ಕೆ ಹೋದೆ.